ಫಿಲ್ಟರ್ ರಿಪೇರಿಗೆ ಫೋಟೋ ಬರಲ್ಲ

ನಮ್ಮ ಮನೆ ಬೀರುವಿನಲ್ಲಿ ಹದಿನೇಳು ಶಾಲುಗಳಿವೆ. ಮೊನ್ನೆ ನನ್ನ ಹೆಂಡತಿ ಕೂತು ಎಣಿಸಿದಳು. ಎಲ್ಲವೂ ಸನ್ಮಾನದ ಶಾಲುಗಳೇ. ಒಂದನ್ನೂ ಹೊದೆಯುವ ಹಾಗಿಲ್ಲ, ಜರಿ ಕುತ್ತಿಗೆಗೆ ಚುಚ್ಚುತ್ತದೆ. ಯಾರಿಗಾದರೂ ಕೊಡೋಣ ಅಂದರೆ ಅವರ ಮನೆಯಲ್ಲೂ ಒಂದು ರಾಶಿ ಇದೆ. "ಇದೆಲ್ಲ ಯಾರ ದುಡ್ಡು ರೀ?" ಅಂತ ಕೇಳಿದಳು. ನಾನು ಪೇಪರ್ ಓದುವವನ ಹಾಗೆ ತಲೆ ತಗ್ಗಿಸಿದೆ. ಯಾಕೆಂದರೆ ಕಳೆದ ವರ್ಷ ಸಂಘದ ಖಜಾಂಚಿ ನಾನೇ.

ಹನುಮಂತನಗರದಲ್ಲಿ ನಮ್ಮದೊಂದು ಸಣ್ಣ ಸೇವಾ ಸಂಘ. ರೋಟರಿ, ಲಯನ್ಸ್ ತರಹದ ದೊಡ್ಡ ಬಳಗವಲ್ಲ. ನಲವತ್ತು ಚಿಲ್ಲರೆ ಜನ, ಅರ್ಧಕ್ಕರ್ಧ ನನ್ನ ಹಾಗೆ ರಿಟೈರ್ ಆದವರು. ಆದರೆ ರೀತಿ ರಿವಾಜು ಮಾತ್ರ ಆ ದೊಡ್ಡವರಿಂದಲೇ ಎರವಲು ತಂದದ್ದು. ಜುಲೈ 1ಕ್ಕೆ ಹೊಸ ವರ್ಷ, ಪದಗ್ರಹಣ, ಅಧ್ಯಕ್ಷರ ಕೊರಳಿಗೆ ಕಾಲರ್, ಮೇಜಿನ ಮೇಲೊಂದು ಗಂಟೆ. ಸಭೆಗೆ ತಡವಾಗಿ ಬಂದರೆ ಹತ್ತು ರೂಪಾಯಿ ದಂಡ. ಲಯನ್ಸ್‌ನಲ್ಲಿ ದಂಡ ಹಾಕೋಕೆ ಅಂತಲೇ ಟೇಲ್ ಟ್ವಿಸ್ಟರ್ ಅನ್ನುವ ಹುದ್ದೆ ಇದೆ. ನಮ್ಮಲ್ಲಿ ಆ ಕೆಲಸ ಮೆಡಿಕಲ್ ಶಾಪಿನ ಗೆಳೆಯರೊಬ್ಬರದ್ದು. ಮೊಬೈಲ್ ರಿಂಗಾದರೂ ಡಬ್ಬಿ ಹಿಡಿದು ಬಂದು ನಿಲ್ಲುತ್ತಾರೆ.

"ನೀವು ಬ್ಯಾಂಕಲ್ಲಿದ್ದವರು ಸಾರ್, ಲೆಕ್ಕ ನೀವೇ ನೋಡ್ಕೊಂಬಿಡಿ" ಅಂತ ನನ್ನನ್ನು ಖಜಾಂಚಿ ಮಾಡಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ದುಡ್ಡು ಎಣಿಸಿದ್ದೆ. ಬೇರೆಯವರ ಹತ್ತಿರ ದುಡ್ಡು ಕೇಳಿರಲಿಲ್ಲ. ಅದು ಬೇರೆಯೇ ವಿದ್ಯೆ.

ನಾವು ದುಡ್ಡು ಎತ್ತುವ ದಾರಿಗಳು ನಿಮಗೂ ಗೊತ್ತಿರುತ್ತವೆ. ವರ್ಷಕ್ಕೊಂದು ಸ್ಮರಣ ಸಂಚಿಕೆ. ಹಿಂಬದಿ ರಕ್ಷಾಪುಟಕ್ಕೆ ಒಂದು ರೇಟು, ಒಳಗಿನ ಅರ್ಧ ಪುಟಕ್ಕೆ ಒಂದು ರೇಟು. ಜಾಹೀರಾತು ಕೊಟ್ಟವರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ತೆರೆಯುವುದಿಲ್ಲ. ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ತುಂಬಿ ತುಳುಕುವಾಗ ಒಂದು ಟೀ ಸ್ಟಾಲು. ಕಾರ್ತಿಕದ ಕೊನೆಯ ಸೋಮವಾರದ ಚಳಿಗೆ ಟೀ ಚೆನ್ನಾಗಿ ಹೋಗುತ್ತದೆ. ಆಮೇಲೆ ಕೆ.ಎಚ್. ಕಲಾಸೌಧದಲ್ಲಿ ಒಂದು ಸಹಾಯಾರ್ಥ ನಾಟಕ. ಡೋನರ್ ಪಾಸ್ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ, ವಾಕಿಂಗ್ ಗೆಳೆಯರೆಲ್ಲ ರಾಮಾಂಜನೇಯ ಗುಡ್ಡದ ಇನ್ನೊಂದು ಕಡೆಯಿಂದ ಇಳಿದು ಹೋಗುತ್ತಿದ್ದರು. ಬೇಜಾರೇನಿಲ್ಲ, ನಾನೂ ಹಿಂದೆ ಹಾಗೇ ಮಾಡಿದ್ದೇನೆ.

ಈಗ ಇನ್ನೊಂದು ಪ್ರಶ್ನೆ ಜಾಸ್ತಿಯಾಗಿದೆ. "80ಜಿ ಇದೆಯಾ ಸಾರ್?" ಅಂದರೆ, ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದಾ ಅಂತ. ಇದೆ ಅಂದ ತಕ್ಷಣ ಮುಖ ಅರಳುತ್ತದೆ. ನಗದಾಗಿ ಕೊಟ್ಟರೆ 2,000 ರೂಪಾಯಿಗಿಂತ ಮೇಲಿನದಕ್ಕೆ ವಿನಾಯಿತಿ ಇಲ್ಲ, ಚೆಕ್ಕೋ ಯುಪಿಐಯೋ ಆಗಬೇಕು ಅಂತ ಹೇಳುತ್ತೇನೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಲೆಕ್ಕಕ್ಕೇ ಬರುವುದಿಲ್ಲ ಅಂತಲೂ ಹೇಳಲೇಬೇಕಲ್ಲ, ಹೇಳಿದರೆ ಚೆಕ್ ಪುಸ್ತಕ ಮೆಲ್ಲಗೆ ಡ್ರಾಯರ್ ಒಳಗೆ ಹೋಗುತ್ತದೆ. ಹಾಗಂತ ಸುಳ್ಳು ಹೇಳೋಕಾಗುತ್ತಾ?

ಇಷ್ಟೆಲ್ಲ ಪೀಠಿಕೆ ಒಂದು ನೀರಿನ ಫಿಲ್ಟರ್ ವಿಷಯ ಹೇಳೋಕೆ.

ಆಗಸ್ಟ್‌ನಲ್ಲಿ ನಮ್ಮ ಏರಿಯಾದ ಒಂದು ಸರ್ಕಾರಿ ಶಾಲೆಗೆ ನೋಟ್‌ಬುಕ್ ಹಂಚೋಕೆ ಹೋಗಿದ್ದೆವು. ಬ್ಯಾನರ್ ಕಟ್ಟುವ ಗಡಿಬಿಡಿ ನಡೆದಿತ್ತು. ನಾನು ಕೈ ತೊಳೆಯೋಕೆ ಅಂತ ಹಿಂದಿನ ವರಾಂಡಕ್ಕೆ ಹೋದೆ. ಅಲ್ಲಿ ಗೋಡೆಯಲ್ಲಿ ಕಪ್ಪು ಗ್ರಾನೈಟ್ ಫಲಕ. ಬಂಗಾರದ ಬಣ್ಣದ ಅಕ್ಷರದಲ್ಲಿ ನಮ್ಮ ಸಂಘದ ಹೆಸರು, ಅದಕ್ಕಿಂತ ದೊಡ್ಡದಾಗಿ ಹಿಂದಿನ ಒಬ್ಬ ಅಧ್ಯಕ್ಷರ ಹೆಸರು, ಕೆಳಗೆ 'ಶುದ್ಧ ಕುಡಿಯುವ ನೀರಿನ ಕೊಡುಗೆ'. ಫಲಕದ ಕೆಳಗೆ ಆರ್‌ಓ ಮಷೀನು. ಅದರ ಮೇಲೆ ಚಾಕ್‌ಪೀಸ್ ಡಬ್ಬಗಳು, ಒಂದು ಹರಿದ ಚೆಂಡು. ಪ್ಲಗ್ಗನ್ನು ಸುರುಳಿ ಸುತ್ತಿ ಹಿಂದೆ ಸಿಕ್ಕಿಸಿದ್ದರು. ನಲ್ಲಿ ತಿರುಗಿಸಿದೆ. ಒಂದು ಜೇಡ ಬಂತು.

ಹೆಡ್ ಮೇಡಂ ಹಿಂದೆಯೇ ನಿಂತಿದ್ದರು. "ಎರಡು ವರ್ಷ ಆಯ್ತು ಸಾರ್ ನಿಂತು. ಮಕ್ಕಳು ಮನೆಯಿಂದಲೇ ಬಾಟ್ಲು ತರ್ತಾರೆ. ನೋಟ್‌ಬುಕ್ಕು ಇನ್ನೊಂದು ಸಂಘದವರೂ ಕೊಟ್ಟಿದ್ದಾರೆ, ಬೀರುವಲ್ಲಿ ಇದೆ. ತಪ್ಪು ತಿಳ್ಕೋಬೇಡಿ, ಇದನ್ನೊಂದು ರಿಪೇರಿ ಮಾಡಿಸಿಕೊಟ್ಟಿದ್ರೆ ಸಾಕಿತ್ತು" ಅಂದರು. ಆಮೇಲೆ ಹೊರಗೆ ಬಂದು ನಮ್ಮ ಜೊತೆ ನಿಂತು, ನೋಟ್‌ಬುಕ್ ಹಿಡಿದು, ಫೋಟೋಗೆ ನಕ್ಕರು. ಆ ನಗು ನನಗೆ ಇವತ್ತಿಗೂ ನೆನಪಾಗುತ್ತದೆ.

ಮಾರನೇ ವಾರ ಮೆಕ್ಯಾನಿಕ್ ಕರೆದುಕೊಂಡು ಹೋದೆ. ಆತ ಮುಂದಿನ ಫಿಲ್ಟರ್ ಬಿಚ್ಚಿ ಕೈಗೆ ಕೊಟ್ಟ. ಬೆಳ್ಳಗಿರಬೇಕಾದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. "ಬೋರ್‌ವೆಲ್ ನೀರು ಅಲ್ವಾ ಸಾರ್. ಈ ಕ್ಯಾಂಡಲ್ ಟೈಮಿಗೆ ಬದಲಾಯಿಸಿದ್ರೆ ಒಳಗಿನ ಮೆಂಬ್ರೇನ್ ಉಳಿಯೋದು. ಕೆಲವು ನೂರು ರೂಪಾಯಿ ಕೆಲಸ. ಯಾರೂ ಮಾಡಿಸಿಲ್ಲ, ಈಗ ಮೆಂಬ್ರೇನೂ ಹೋಗಿದೆ, ಪಂಪೂ ಹೋಗಿದೆ." ಒಟ್ಟು 8,400 ರೂಪಾಯಿ ಅಂದ.

ಸಂಘದ ಸಭೆಯಲ್ಲಿ ಇಟ್ಟೆ. ಯಾರೂ ಬೇಡ ಅನ್ನಲಿಲ್ಲ, ನಮ್ಮವರು ಒಳ್ಳೆಯವರೇ. ಆದರೆ ಒಬ್ಬರು ಕೇಳಿದರು: "ರಿಪೇರಿಗೆ ಯಾರು ಸ್ಪಾನ್ಸರ್ ಮಾಡ್ತಾರೆ ರಾಯರೇ? ಫೋಟೋ ಏನಂತ ತೆಗೆಯೋದು, ಸ್ಪ್ಯಾನರ್ ಹಿಡ್ಕೊಂಡು ನಿಲ್ಲೋದಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಬ್ಬರು ನಿಜವಾಗಿಯೂ ಮನಸ್ಸಿಟ್ಟು ಹೇಳಿದರು: "ಹಳೇದು ಯಾಕೆ? ಹೊಸದೇ ಕೊಟ್ಟುಬಿಡೋಣ. 60 ಸಾವಿರಕ್ಕೆ ನಾನೇ ಒಬ್ಬರನ್ನ ಹಿಡಿದು ತರ್ತೀನಿ."

ನೋಡಿ, ನಮ್ಮ ಇಡೀ ಕಾಯಿಲೆ ಇಲ್ಲೇ ಇದೆ. 60 ಸಾವಿರಕ್ಕೆ ಜನ ಇದ್ದಾರೆ. 8,400ಕ್ಕೆ ಇಲ್ಲ.

ಇದು ಯಾರೋ ಒಬ್ಬ ಅಧ್ಯಕ್ಷರ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅಧ್ಯಕ್ಷಗಿರಿ ಬರೀ ಒಂದು ವರ್ಷದ್ದು. ಜುಲೈನಲ್ಲಿ ಹಾರ ಹಾಕಿಸಿಕೊಂಡವರು ಮುಂದಿನ ಜೂನ್ 30ಕ್ಕೆ ಕಾಲರ್ ಬಿಚ್ಚಿ ಕೊಡಬೇಕು. ಅಷ್ಟರಲ್ಲಿ ತಮ್ಮ ಹೆಸರಿನದ್ದೊಂದು ಆಗಬೇಕು ಅಂತ ಆಸೆ ಇರುತ್ತದೆ. ಸಹಜ ತಾನೇ? ಹಿಂದಿನವರು ಕೊಟ್ಟ ಮಷೀನಿಗೆ ಕ್ಯಾಂಡಲ್ ಹಾಕಿಸಿದರೆ ಹೆಸರು ಯಾರಿಗೆ? ಗ್ರಾನೈಟಿನ ಮೇಲೆ ಇರುವವರಿಗೆ!

ದೊಡ್ಡ ಸಂಸ್ಥೆಗಳಿಂದ ನಾವು ಗಂಟೆ, ಕಾಲರ್, ದಂಡದ ಡಬ್ಬಿ ಎಲ್ಲ ತಂದೆವು, ಮುಖ್ಯವಾದದ್ದನ್ನು ಅಲ್ಲೇ ಬಿಟ್ಟು ಬಂದೆವು ಅನ್ನಿಸುತ್ತದೆ. ರೋಟರಿಯವರೂ ವರ್ಷ ವರ್ಷ ಅಧ್ಯಕ್ಷರನ್ನು ಬದಲಾಯಿಸುತ್ತಾರೆ. ಆದರೆ 1985ರಲ್ಲಿ ಪೋಲಿಯೋ ಕೆಲಸ ಹಿಡಿದವರು ಬಿಡಲೇ ಇಲ್ಲ. ಭಾರತದ ಕೊನೆಯ ಪೋಲಿಯೋ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಭಾರತವೂ ಸೇರಿದ ಆಗ್ನೇಯ ಏಷ್ಯಾ ಭಾಗ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ಸರ್ಕಾರದ್ದು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರದ್ದು ದೊಡ್ಡ ಪಾಲು, ನಿಜ. ಆದರೂ ಸುಮಾರು ಮೂವತ್ತು ವರ್ಷ, ಎಷ್ಟು ಜನ ಅಧ್ಯಕ್ಷರು ಬಂದು ಹೋಗಿರಬೇಡ! ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಬೂತಿನಲ್ಲಿ ಕೂತು, ಮಕ್ಕಳ ಎಡಗೈ ಕಿರುಬೆರಳಿಗೆ ಇಂಕು ಹಚ್ಚಿದವರು ಎಷ್ಟು ಜನ. ಕಿರುಬೆರಳಿನ ಮೇಲೆ ಯಾರೂ ಹೆಸರು ಬರೆದುಕೊಳ್ಳಲಿಲ್ಲ.

ರಕ್ತದಾನ ಶಿಬಿರದ್ದೂ ಇದೇ ಕಥೆ. ನಾವೆಲ್ಲ ಶಿಬಿರ ಇಡೋದು ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ, ಇಲ್ಲ ಯಾರದ್ದಾದರೂ ಹುಟ್ಟುಹಬ್ಬಕ್ಕೆ. ಒಂದೇ ದಿನ ಊರೆಲ್ಲ ಶಿಬಿರ. ಆದರೆ ಪ್ಲೇಟ್‌ಲೆಟ್ ಇಡೋಕಾಗೋದು ಐದೇ ದಿನ. ಕೆಂಪು ರಕ್ತಕಣ ಹೆಚ್ಚೆಂದರೆ ಐದಾರು ವಾರ. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ಕೊಡುವ ಹುಡುಗರು ಊರಿಗೆ ಹೋಗಿರುತ್ತಾರೆ. ಬ್ಲಡ್ ಬ್ಯಾಂಕಿನವರು ಫೋನ್ ಮಾಡಿ ಮಾಡಿ ಸುಸ್ತಾಗೋದು ಆಗ. ಆ ಬಿಸಿಲಲ್ಲಿ, ಯಾವ ಹಬ್ಬವೂ ಇಲ್ಲದ ಒಂದು ಶನಿವಾರ ಶಿಬಿರ ಇಟ್ಟರೆ ಮುಖ್ಯ ಅತಿಥಿ ಸಿಗುವುದಿಲ್ಲ ಅಷ್ಟೇ. ಈ ಮೇನಲ್ಲಿ ನಾವು ಇಟ್ಟೆವು. ಹತ್ತೊಂಬತ್ತು ಜನ ಬಂದರು. ಬ್ಲಡ್ ಬ್ಯಾಂಕಿನ ಹುಡುಗಿ ಮಜ್ಜಿಗೆ ಕುಡಿಯುತ್ತಾ, "ಅಂಕಲ್, ಆಗಸ್ಟ್‌ನ ನೂರಕ್ಕಿಂತ ಇದು ನಮಗೆ ಜಾಸ್ತಿ" ಅಂದಳು.

ಇನ್ನು ಫಿಲ್ಟರ್ ಕಥೆ. ಹೆಂಡತಿಯೇ ದಾರಿ ತೋರಿಸಿದಳು. "ಸ್ಪಾನ್ಸರ್ ಗೀನ್ಸರ್ ಬಿಡಿ. ಅಟ್ಟದ ಮೇಲೆ ಎಷ್ಟು ಹಳೇ ಪೇಪರ್ ಬಿದ್ದಿದೆ ನೋಡಿ. ಎಲ್ಲರ ಮನೇಲೂ ಇರುತ್ತೆ." ಹಾಗೆ ತಿಂಗಳ ಮೊದಲ ಭಾನುವಾರ ಹಳೇ ಪೇಪರ್ ಎತ್ತೋದು ಶುರುವಾಯಿತು. ಮೆಡಿಕಲ್ ಶಾಪಿನ ಗೆಳೆಯರ ಓಮ್ನಿ, ನಾನು, ಪಿಯುಸಿ ಓದುವ ಇಬ್ಬರು ಹುಡುಗರು. ಮೊದಲ ಸಲ 140 ಕೆಜಿ ಆಯಿತು, ಕೆಜಿಗೆ 12 ರೂಪಾಯಿಯ ಹಾಗೆ 1,680. ಈಗ ಪೇಪರ್ ತರಿಸುವ ಮನೆಗಳೇ ಕಮ್ಮಿ, ಎಲ್ಲ ಫೋನಿನಲ್ಲೇ ಓದುತ್ತಾರೆ. ಆದರೆ ಆನ್‌ಲೈನ್ ಶಾಪಿಂಗಿನ ರಟ್ಟಿನ ಡಬ್ಬಗಳಿಗೆ ಬರವಿಲ್ಲ. ಡೋನರ್ ಪಾಸ್ ಕಂಡರೆ ಗುಡ್ಡದ ಇನ್ನೊಂದು ಕಡೆ ಇಳಿಯುತ್ತಿದ್ದ ಗೆಳೆಯರು ಈಗ ಅವರೇ ಫೋನ್ ಮಾಡಿ, "ಬರ್ತೀರಾ ಈ ವಾರ? ಮನೆಯವಳು ಬಯ್ತಿದ್ದಾಳೆ, ಜಾಗ ಇಲ್ಲ" ಅನ್ನುತ್ತಾರೆ. ಪ್ರತಿ ಮನೆಗೂ ರಸೀದಿ ಕೊಡುತ್ತೇನೆ, ಮೂವತ್ತಾರು ರೂಪಾಯಿ ಆದರೂ. ಬ್ಯಾಂಕ್ ಬುದ್ಧಿ.

ಫಿಲ್ಟರ್ ಫೆಬ್ರವರಿಯಲ್ಲಿ ರಿಪೇರಿ ಆಯಿತು. ಉದ್ಘಾಟನೆ ಇರಲಿಲ್ಲ. ಹೆಡ್ ಮೇಡಂ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು: ನಲ್ಲಿ, ಅದರ ಕೆಳಗೆ ಒಂದು ನೀಲಿ ಬಾಟ್ಲು, ಅರ್ಧ ತುಂಬಿದ್ದು. ಮೂರು ತಿಂಗಳಿಗೊಮ್ಮೆ ಕ್ಯಾಂಡಲ್ ನೋಡೋಕೆ ಮೆಕ್ಯಾನಿಕ್ ಹೋಗುತ್ತಾನೆ, ಅವನ ದುಡ್ಡು ಪೇಪರ್ ದುಡ್ಡಿನಿಂದಲೇ. ಈ ಜುಲೈನಲ್ಲಿ ಹೊಸ ಅಧ್ಯಕ್ಷರು ಬಂದಿದ್ದಾರೆ. ಅವರಿಗೆ ಒಂದೇ ಒಂದು ಕೇಳಿಕೊಂಡಿದ್ದೇನೆ, ಹಿಂದಿನ ಹತ್ತು ವರ್ಷದಲ್ಲಿ ನಾವು ಎಲ್ಲೆಲ್ಲಿ ಫಲಕ ಹಾಕಿದ್ದೇವೋ ಅಲ್ಲೆಲ್ಲ ಒಂದು ಸುತ್ತು ಹೋಗಿ ಬರೋಣ ಅಂತ. ಪಾರ್ಕಿನ ಕಲ್ಲು ಬೆಂಚು, ಆಸ್ಪತ್ರೆಯ ವೀಲ್‌ಚೇರ್, ಬಸ್ ಸ್ಟಾಪಿನ ಗಡಿಯಾರ. ಗಡಿಯಾರ ನಿಂತಿರೋದು ನನಗೆ ಗೊತ್ತು, ದಿನಾ ಅದರ ಕೆಳಗೇ ಬಸ್ ಕಾಯುತ್ತೇನೆ. ಅಧ್ಯಕ್ಷರು "ನೋಡೋಣ ಸಾರ್" ಅಂದಿದ್ದಾರೆ.

ಬರುವ ಭಾನುವಾರ ಬೆಳಗ್ಗೆ ಎಂಟಕ್ಕೆ ಓಮ್ನಿ ಬರುತ್ತದೆ. ನಮ್ಮ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಪೇಪರನ್ನು ದಾರ ಕಟ್ಟಿ ಗೇಟಿನ ಹತ್ತಿರ ಇಟ್ಟಿರಿ, ಡಬ್ಬಗಳನ್ನು ಬಿಚ್ಚಿ ಮಟ್ಟಸ ಮಾಡಿ. ಶಾಲು ಮಾತ್ರ ಬೇಡ. ಪೇಪರ್ ಅಂಗಡಿಯವನನ್ನು ಕೇಳಿ ನೋಡಿದೆ, ತಗೊಳಲ್ವಂತೆ.