ಸತ್ಯಾಂಶ: ಉಪ್ಪು ಹಾಕಿದರೆ ನೀರು ಬೇಗ ಐಸ್ ಆಗುತ್ತದೆಯೇ?

ದಾವಣಗೆರೆಯಲ್ಲಿ ಬಿಸಿಲು ಏರುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: ‘ಟ್ರೇ ನೀರಿಗೆ ಉಪ್ಪು ಬೆರೆಸಿ, ಅರ್ಧ ಹೊತ್ತಿನಲ್ಲೇ ಐಸ್ ಆಗುತ್ತದೆ.’ ಇದು ತಪ್ಪು. ಉಪ್ಪು ಬೆರೆತರೆ ನೀರು ಗಟ್ಟಿಯಾಗುವುದು ತಡವಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಕೆಜಿ ನೀರಿನಲ್ಲಿ ಒಂದು ಮೋಲ್ (ಕಣಗಳನ್ನು ಎಣಿಸುವ ಅಳತೆ) ಕಣಗಳು ಕರಗಿದರೆ ಘನೀಕರಣ ಬಿಂದು, ಅಂದರೆ ನೀರು ಐಸ್ ಆಗುವ ಉಷ್ಣತೆ, 1.86 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಡುಗೆ ಉಪ್ಪಿನ ಒಂದು ಮೋಲ್ ಎಂದರೆ 58.5 ಗ್ರಾಂ. ಅದು ಕರಗಿದಾಗ ಸೋಡಿಯಂ, ಕ್ಲೋರೈಡ್ ಎಂದು ಎರಡು ಅಯಾನುಗಳಾಗಿ (ವಿದ್ಯುದಾವೇಶವಿರುವ ಕಣಗಳಾಗಿ) ಒಡೆಯುತ್ತದೆ. ಹಾಗಾಗಿ ಇಳಿಕೆಯೂ ಇಮ್ಮಡಿ, 3.72 ಡಿಗ್ರಿ. ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ಅಳೆದು ನೋಡಿದರೆ ಸಿಗುವುದು ಸುಮಾರು 3.4. ಸಕ್ಕರೆ ಹೀಗೆ ಒಡೆಯುವುದಿಲ್ಲ. ಅದರ ಒಂದು ಮೋಲ್, ಅಂದರೆ 342 ಗ್ರಾಂ ಸುರಿದರೂ ಇಳಿಕೆ ಎರಡು ಡಿಗ್ರಿ ಆಸುಪಾಸು ಅಷ್ಟೆ.

ಈ ನಂಬಿಕೆ ಹುಟ್ಟಿದ್ದು ಬಹುಶಃ ಕುಲ್ಫಿ ಗಾಡಿಯಿಂದ. ಅಲ್ಲಿ ಕಲ್ಲುಪ್ಪು ಬೀಳುವುದು ಹಾಲಿಗಲ್ಲ, ಅಚ್ಚುಗಳ ಸುತ್ತ ತುಂಬಿದ ಐಸ್ ಚೂರಿಗೆ. ಉಪ್ಪು ತಾಗಿದ ಐಸ್ ಕರಗುತ್ತಾ, ಅದಕ್ಕೆ ಬೇಕಾದ ಶಾಖವನ್ನು ಅಕ್ಕಪಕ್ಕದಿಂದಲೇ ಹೀರುತ್ತದೆ. ಆ ಮಿಶ್ರಣ ಮೈನಸ್ 21 ಡಿಗ್ರಿವರೆಗೂ ತಣ್ಣಗಾಗಬಲ್ಲದು. ಅದರಿಂದಲೇ ಒಳಗಿನ ಹಾಲು ಗಟ್ಟಿಯಾಗುವುದು. ಮನೆಯಲ್ಲಿ ಐಸ್ ಬೇಗ ಬೇಕಿದ್ದರೆ ಟ್ರೇಗೆ ನೀರು ಕಡಿಮೆ ತುಂಬಿ, ಉಪ್ಪು ಖಂಡಿತ ಬೇಡ.