ಫ್ಯಾಂಟಮ್ ಅಂಗಿಯ ಹೊಲಿಗೆ

“ಇದನ್ನು ಇವನು ಹಾಕಿಕೊಂಡದ್ದು ಹೇಗೆ?” ಎಂದು ಟೈಲರ್ ಮಾಸ್ಟರ್ ಕೇಳಿದಾಗ ನಮ್ಮ ಮೂವರಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರ ಮಡಿಲಲ್ಲಿದ್ದದ್ದು ಇಂದ್ರಜಾಲ ಕಾಮಿಕ್ಸಿನ ಒಂದು ಹಳೆಯ ಸಂಚಿಕೆ. ಅವರ ಬೆರಳಿದ್ದದ್ದು ಅದರ ನಾಯಕ, ಕಾಡಿನ ಮುಸುಕುಧಾರಿ ವೀರ ಫ್ಯಾಂಟಮ್‌ನ ಕೊರಳಿನ ಮೇಲೆ. “ಗುಂಡಿ ಇಲ್ಲ, ಜಿಪ್ ಇಲ್ಲ, ಕೊರಳ ಹತ್ತಿರ ಸೀಳಿಲ್ಲ. ತಲೆಯ ಮುಸುಕಿನಿಂದ ಬೂಟಿನವರೆಗೆ ಒಂದೇ ಬಟ್ಟೆ. ಎದೆಯಳತೆ ಏನಿಲ್ಲವೆಂದರೂ ನಲವತ್ತಾರು ಇಂಚು, ಕುತ್ತಿಗೆ ಹದಿನೇಳು. ಹದಿನೇಳರ ತೂತಿನಲ್ಲಿ ನಲವತ್ತಾರು ಹೊಕ್ಕಿದ್ದು ಹೇಗೆ ಹೇಳಿ?” ಐವತ್ತು ವರ್ಷಗಳಿಂದ ನಾನು ಫ್ಯಾಂಟಮ್‌ನನ್ನು ನೋಡುತ್ತ ಬಂದಿದ್ದೇನೆ. ಅವನು ಗುಂಡಿಗೆ ಸಿಗದೆ ಪಾರಾಗುವುದನ್ನೂ ಒಂದೇ ಏಟಿಗೆ ದವಡೆಯ ಮೇಲೆ ತಲೆಬುರುಡೆಯ ಗುರುತು ಮೂಡಿಸುವುದನ್ನೂ ತಕರಾರಿಲ್ಲದೆ ನಂಬಿದ್ದೇನೆ. ಅವನು ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳಬೇಕಾಗುತ್ತದೆ ಎಂಬ ವಿಚಾರ ಮಾತ್ರ ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ನಾವು ನಾಲ್ವರು ತಿಂಗಳಿಗೊಂದು ಭಾನುವಾರ ಗಾಂಧಿ ಬಜಾರಿನಲ್ಲಿ ಕಾಫಿ ಮುಗಿಸಿ, ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸೇರುತ್ತೇವೆ. ಒಬ್ಬೊಬ್ಬರು ಒಂದೋ ಎರಡೋ ಹಳೆಯ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬರುತ್ತಾರೆ. ಮಸಾಲೆ ದೋಸೆ ತಿಂದವರು ಕೈ ತೊಳೆದು, ಒರೆಸಿ, ಒಣಗಿದ ಮೇಲೆಯೇ ಪುಟ ಮುಟ್ಟಬೇಕೆಂಬುದು ನಮ್ಮ ಏಕೈಕ ನಿಯಮ. ಮಾತಿಗೆ ಅಂಥ ನಿಯಮವಿಲ್ಲವಾದ್ದರಿಂದ ಎಡಪುಟದ ಕುದುರೆಗೂ ಬಲಪುಟದ ಕತ್ತಿವರಸೆಗೂ ನಡುವೆ ಮಗಳ ಮದುವೆ, ಮೊಣಕಾಲಿನ ನೋವು, ತೊಗರಿಬೇಳೆಯ ಬೆಲೆ ಇವೆಲ್ಲ ಬಂದು ಹೋಗುತ್ತವೆ. ಮೊದಮೊದಲು ಇದು ವಿಷಯಾಂತರವೆಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ, ಏಕೆಂದರೆ ನಮ್ಮಲ್ಲಿ ಒಬ್ಬರೂ ಚಿತ್ರವನ್ನು ಚಿತ್ರಕಾರರ ಕಣ್ಣಿನಿಂದ ನೋಡುವವರಲ್ಲ. ಅವರವರ ಅನ್ನ ಹುಟ್ಟಿದ ಕಸುಬು ಯಾವುದೋ ಅದರ ಕಣ್ಣಿನಿಂದಲೇ ನೋಡುತ್ತೇವೆ.

ಬ್ಯಾಂಕಿನ ರಾಯರನ್ನೇ ತೆಗೆದುಕೊಳ್ಳಿ. ಚೆಕ್ಕಿನ ಮೇಲಿನ ಸಹಿಯನ್ನು ಕಾರ್ಡಿನ ಮೇಲಿನ ಸಹಿಯೊಂದಿಗೆ ತಾಳೆ ನೋಡುವುದರಲ್ಲಿ ಅವರ ಸೇವಾವಧಿಯ ಬಹುಪಾಲು ಕಳೆಯಿತು. ಚಂದಮಾಮದ ಹಳೆಯ ಸಂಪುಟವೊಂದನ್ನು ಅವರ ಮುಂದಿಟ್ಟು, ಚಿತ್ರದ ಮೂಲೆಯಲ್ಲಿರುವ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದರೂ ಇದು ‘ಶಂಕರ್’ ಬರೆದದ್ದೋ ‘ಚಿತ್ರಾ’ ಬರೆದದ್ದೋ ಎಂದು ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಸಹಿ ಎಂದರೆ ಹೆಸರಲ್ಲ, ಕೈ ಓಡುವ ರೀತಿ ಎಂಬುದು ಅವರ ವಾದ. ಹೆಸರನ್ನು ಯಾರು ಬೇಕಾದರೂ ನಕಲು ಮಾಡಬಹುದು, ಗೆರೆ ಶುರುವಾಗುವಾಗಿನ ಒತ್ತು ಮತ್ತು ಮುಗಿಯುವಾಗಿನ ಅವಸರ ನಕಲಿಗೆ ಸಿಗುವುದಿಲ್ಲವಂತೆ. 1924ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಶಂಕರ್ ಅವರು ಬೇತಾಳ ಕಥೆಗಳಿಗೆ ಬರೆದ ಚಿತ್ರ, ಅಂದರೆ ಹೆಗಲ ಮೇಲೆ ಹೆಣ ಹೊತ್ತು ಕೈಯಲ್ಲಿ ಕತ್ತಿ ಹಿರಿದು ಸ್ಮಶಾನದಲ್ಲಿ ನಡೆಯುವ ಆ ರಾಜನ ಚಿತ್ರ, ನಮ್ಮ ತಲೆಮಾರಿನವರಿಗೆ ಮನೆದೇವರ ಪಟದಷ್ಟೇ ಪರಿಚಿತ. ಛಲ ಬಿಡದ ತ್ರಿವಿಕ್ರಮ ಎಂದೊಡನೆ ನಮಗೆ ನೆನಪಾಗುವುದು ಆ ನಡಿಗೆಯೇ. ರಾಯರಿಗೆ ಕಳೆದ ವರ್ಷ ಹೆಗಲು ಹಿಡಿದುಕೊಂಡು ಕೈ ಮೇಲೆತ್ತಲಾಗದೆ ಹೋದಾಗ ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿ, “ಆಳೆತ್ತರದ ಹೆಣ ಹೊತ್ತವನ ಬೆನ್ನು ಇಷ್ಟು ನೆಟ್ಟಗಿರಲು ಸಾಧ್ಯವೇ ಇಲ್ಲ” ಎಂದು ತೀರ್ಪು ಕೊಟ್ಟರು. ಆ ತೀರ್ಪು ಕೊಟ್ಟದ್ದು ಕಲಾವಿಮರ್ಶೆಯಲ್ಲ, ಫಿಜಿಯೋಥೆರಪಿ. ಚಂದಮಾಮ ಕಾಮಿಕ್ಸೇ ಅಲ್ಲವಲ್ಲ ಎಂದು ಆಕ್ಷೇಪಿಸುವವರು ಇದ್ದಾರೆ. ಅವರ ಮಾತು ನಿಜ, ನಾವು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅದೇ ರಾಯರಿಗೆ ಕಣ್ಣಿನ ಪೊರೆ ತೆಗೆಸಿದ ಸಂದರ್ಭವನ್ನು ಇಲ್ಲಿ ಹೇಳದೆ ಇರಲಾರೆ. ಶಸ್ತ್ರಚಿಕಿತ್ಸೆಯ ಮಾರನೆಯ ವಾರ ಅವರು ಕಪ್ಪು ಕನ್ನಡಕ, ತಲೆಗೆ ಟೋಪಿ, ಚಳಿಗೆಂದು ಉದ್ದನೆಯ ಕೋಟು ತೊಟ್ಟು ಪಾರ್ಕಿಗೆ ಬಂದರು. ಫ್ಯಾಂಟಮ್ ಕಾಡು ಬಿಟ್ಟು ಪಟ್ಟಣಕ್ಕೆ ಬರುವಾಗ ಮಿಸ್ಟರ್ ವಾಕರ್ ಆಗಿ ತೊಡುವ ವೇಷ ಇದೇ ಆದ್ದರಿಂದ ನಾವು ಎದ್ದು ನಿಂತು ನಮಸ್ಕರಿಸಿದೆವು. ರಾಯರು ನಮ್ಮ ತಮಾಷೆಗೆ ನಗಲಿಲ್ಲ, ಚೀಲದಿಂದ ಅಮರ ಚಿತ್ರ ಕಥೆಯ ‘ಕೃಷ್ಣ’ವನ್ನು ತೆಗೆದು, ಕನ್ನಡಕವನ್ನು ಕೊಂಚ ಕೆಳಗಿಳಿಸಿ, “ಕೃಷ್ಣ ಇಷ್ಟು ನೀಲಿಯಾಗಿದ್ದನೇನ್ರೀ?” ಎಂದು ಕೇಳಿದರು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತ ಹೋಗುತ್ತದೆ. ಅದು ಮೊದಲು ತಡೆಯುವುದೇ ನೀಲಿಯನ್ನು. ಪೊರೆ ಬಂದ ಮಸೂರ ತೆಗೆದು ಹೊಸದು ಕೂರಿಸಿದಾಗ ನೀಲಿ ಒಮ್ಮೆಲೇ ಮರಳಿ ಬರುತ್ತದೆ. ಇತ್ತ ಪುಸ್ತಕದ ಕಾಗದ ಹಳದಿಯಾಗುತ್ತಿದ್ದಾಗ ಅತ್ತ ಓದುಗನ ಕಣ್ಣೂ ಹಳದಿಯಾಗುತ್ತಿತ್ತು. ಎರಡೂ ಜೊತೆಜೊತೆಯಾಗಿ ಮುಪ್ಪಾದ್ದರಿಂದ ರಾಯರಿಗೆ ಲೆಕ್ಕ ಸಿಕ್ಕಿರಲಿಲ್ಲ. ರಾಮ್ ವಾಯಿರ್ಕರ್ ಅವರ ಚಿತ್ರಗಳನ್ನು ಅವರು ಆ ದಿನ ಬಾಲಕನ ಹಾಗೆ, ಅಂದರೆ ಒಂದು ಮಾತನ್ನೂ ಓದದೆ, ಕೊನೆಯವರೆಗೆ ತಿರುವಿ ಹಾಕಿದರು.

ಅಮರ ಚಿತ್ರ ಕಥೆಯ ಹೆಸರು ಬಂದಾಗಲೆಲ್ಲ ರಾಯರು ತಪ್ಪದೆ ಹೇಳುವ ಸಂಗತಿಯೊಂದಿದೆ, ನಾವು ಪ್ರತಿ ಸಲವೂ ಮೊದಲ ಸಲದಂತೆ ಕೇಳುತ್ತೇವೆ. ಇಂಗ್ಲಿಷಿನ ಮಾಲೆ ಶುರುವಾಗುವುದು 11ನೆಯ ಸಂಖ್ಯೆಯಿಂದ, ಇದೇ ‘ಕೃಷ್ಣ’ದಿಂದ. ಮೊದಲ ಹತ್ತು ಸಂಖ್ಯೆಗಳು ಕನ್ನಡದವು: ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳನ್ನು ಕನ್ನಡದಲ್ಲಿ ತಂದದ್ದರಿಂದ ಈ ಸರಣಿಗೆ ಬೀಜ ಬಿತ್ತು. ಅದನ್ನು ಪುರಾಣ, ಇತಿಹಾಸಗಳ ಕಡೆಗೆ ತಿರುಗಿಸಿ ಬೆಳೆಸಿದ ಅನಂತ ಪೈ ಅವರು ಕಾರ್ಕಳದವರು. ಇದನ್ನು ಹೇಳುವಾಗ ರಾಯರ ಎದೆಯಳತೆಯೂ ನಲವತ್ತಾರಕ್ಕೆ ಏರುತ್ತದೆ ಎಂದು ಮಾಸ್ಟರ್ ಪಿಸುಗುಟ್ಟುತ್ತಾರೆ.

ಪ್ರೆಸ್ಸಿನವರು ಮಾತು ಕಡಿಮೆ. ಅವರ ಜೇಬಿನಲ್ಲಿ ಸದಾ ಒಂದು ಮಡಚುವ ಭೂತಗನ್ನಡಿ ಇರುತ್ತದೆ. ಯಾವ ಪುಸ್ತಕ ಕೊಟ್ಟರೂ ಮೊದಲು ಅದನ್ನು ಪುಟದ ಮೇಲಿಟ್ಟು ಬಗ್ಗುತ್ತಾರೆ. ಆ ಗಾಜಿನಡಿಯಲ್ಲಿ ಜಾದೂಗಾರ ಮ್ಯಾಂಡ್ರೇಕ್‌ನ ಗೆಳತಿ ನಾರ್ಡಾಳ ಕೆನ್ನೆ ಕೆನ್ನೆಯಾಗಿ ಉಳಿಯುವುದಿಲ್ಲ, ಬಿಳಿಯ ಕಾಗದದ ಮೇಲೆ ಚೆಲ್ಲಿದ ಕೆಂಪು ಸಾಸಿವೆಯ ಕಾಳುಗಳಾಗುತ್ತದೆ. ಕಾಡಿನ ಹಸಿರು ಹಸಿರೇ ಅಲ್ಲ, ಹಳದಿ ಚುಕ್ಕೆಗಳ ಪಕ್ಕದಲ್ಲಿ ಕುಳಿತ ನೀಲಿ ಚುಕ್ಕೆಗಳು. ಮ್ಯಾಂಡ್ರೇಕ್ ಕಥೆಗಳಲ್ಲಿ ನಾರ್ಡಾಳ ತುಟಿಯ ಕೆಂಪು ತುಟಿಯನ್ನು ಬಿಟ್ಟು ಕೊಂಚ ಪಕ್ಕಕ್ಕೆ ಸರಿದಿರುವುದನ್ನು ಕಂಡು, ವಿದೇಶದ ಹೆಂಗಸರು ಬಣ್ಣ ಹಚ್ಚಿಕೊಳ್ಳುವ ಕ್ರಮವೇ ಹಾಗಿರಬೇಕೆಂದು ನಾನು ಹೈಸ್ಕೂಲು ಮುಗಿಯುವವರೆಗೆ ನಂಬಿದ್ದೆ. “ಅದು ರಿಜಿಸ್ಟರ್ ಆಗಿಲ್ಲ, ಅಷ್ಟೇ” ಎಂದರು ಪ್ರೆಸ್ಸಿನವರು. ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಪ್ಲೇಟುಗಳು ಒಂದೇ ಕಾಗದದ ಮೇಲೆ ಒಂದರ ಮೇಲೊಂದು ಕೂರಬೇಕು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಕೂದಲೆಳೆಯಷ್ಟು ಹಿಗ್ಗಿದರೂ ಕೆಂಪು ಒಂದು ಕಡೆ, ತುಟಿ ಇನ್ನೊಂದು ಕಡೆ. ಹಾಗೆ ಹೇಳಿದ ಮೇಲೆ ಅವರಿಗೆ ತಮ್ಮ ಯಂತ್ರದ ಮುಂದೆ ಕಳೆದ ಜುಲೈ ತಿಂಗಳುಗಳೆಲ್ಲ ನೆನಪಾಗಿ, ಲಗ್ನಪತ್ರಿಕೆಯೊಂದರಲ್ಲಿ ಗಣಪತಿಯ ಸೊಂಡಿಲು ಗಣಪತಿಯಿಂದ ಬೇರೆಯಾದದ್ದನ್ನೂ ಬೀಗರು ಅಪಶಕುನವೆಂದು ಐನೂರು ಪ್ರತಿಗಳನ್ನು ವಾಪಸು ಕಳಿಸಿದ್ದನ್ನೂ ಅರ್ಧ ಗಂಟೆ ವಿವರಿಸಿದರು.

ನಾನು ಪ್ರೂಫ್ ತಿದ್ದಿ ಹೊಟ್ಟೆ ಹೊರೆದವನು, ಆದ್ದರಿಂದ ನನ್ನ ಕಣ್ಣು ಚಿತ್ರಕ್ಕಿಂತ ಮೊದಲು ಪಾತ್ರಗಳ ಮಾತು ತುಂಬಿದ ಬಲೂನಿಗೇ ಹೋಗುತ್ತದೆ. ಈ ಬಲೂನುಗಳಷ್ಟು ಇಕ್ಕಟ್ಟಿನ ಬಾಡಿಗೆ ಮನೆ ಕನ್ನಡಕ್ಕೆ ಬೇರೆಲ್ಲೂ ಸಿಕ್ಕಿರಲಾರದು. ಇಂಗ್ಲಿಷಿನ ಮಾತಿಗೆಂದು ಕಟ್ಟಿದ ಮನೆ ಅದು. ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಶಿಸ್ತಿನ ಹುಡುಗರಂತೆ ಸಾಲಾಗಿ ನಿಲ್ಲುವುದರಿಂದ ಸಾಲಿಗೂ ಸಾಲಿಗೂ ಅಂತರ ಬೇಕಿಲ್ಲ. ಕನ್ನಡದ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು ಇರುತ್ತದೆ, ಕಾಲಿನ ಕೆಳಗೆ ಒತ್ತು ಜೋತುಬಿದ್ದಿರುತ್ತದೆ. ‘ಧೃತರಾಷ್ಟ್ರ’ನನ್ನು ಬಲೂನಿನೊಳಗೆ ಕೂರಿಸಬೇಕಾದರೆ ಅವನ ‘ಷ್ಟ್ರ’ ಕೆಳಗಿನ ಸಾಲಿನ ನೆತ್ತಿಯ ಮೇಲೆ ಕಾಲಿಡುತ್ತದೆ. ಅದರಿಂದಾಗಿ ಕನ್ನಡಕ್ಕೆ ಮಾಡಿದವರು ಮಾತನ್ನು ಹಿಂಡಬೇಕಾಯಿತು. ನಾವು ಹುಡುಗರಾಗಿದ್ದಾಗ ‘ಎಲವೋ’, ‘ಛೀ ನೀಚ’, ‘ತಾಳು’ ಎಂದು ಜಗಳವಾಡುತ್ತಿದ್ದದ್ದಕ್ಕೆ ಈ ಜಾಗದ ಅಭಾವವೇ ಅರ್ಧ ಕಾರಣವೆಂದು ನನ್ನ ಗುಮಾನಿ. 1964ರ ಮಾರ್ಚಿನಲ್ಲಿ ಇಂದ್ರಜಾಲ ಶುರುವಾಗಿ, ಮುಂದೆ ಕನ್ನಡಕ್ಕೂ ಬಂದು, 1990ರಲ್ಲಿ ನಿಂತುಹೋಗುವವರೆಗೆ ಎಷ್ಟು ಬಲೂನುಗಳಲ್ಲಿ ಎಷ್ಟು ಒತ್ತಕ್ಷರಗಳು ಉಸಿರು ಬಿಗಿಹಿಡಿದು ಕುಳಿತಿದ್ದವೋ, ಅವುಗಳನ್ನು ಕೈಯಿಂದ ಬರೆದ ಪುಣ್ಯಾತ್ಮರ ಹೆಸರನ್ನು ಯಾವ ಪುಟದ ಮೂಲೆಯಲ್ಲೂ ನಾನು ಕಂಡಿಲ್ಲ. ರಾಯರ ಸಹಿ ವಿದ್ಯೆಯೂ ಇಲ್ಲಿ ನಡೆಯುವುದಿಲ್ಲ.

ಒಮ್ಮೆ ಹೊದಿಕೆ ಹರಿದುಹೋದ ಒಂದು ಪೌರಾಣಿಕ ಚಿತ್ರಕಥೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಿದ್ದೆ. ನಮ್ಮ ಮನೆಯವರಿಗೆ ಈ ಹುಚ್ಚು ಇಲ್ಲ. ಅಟ್ಟದ ಮೇಲಿರುವ ನನ್ನ ಎರಡು ಟ್ರಂಕುಗಳನ್ನು ಅವರು ‘ನನ್ನ ಸವತಿಯರು’ ಎಂದು ಕರೆಯುತ್ತಾರೆ. ಹುರುಳಿಕಾಯಿ ಬಿಡಿಸುತ್ತ ಅವರು ಆ ಪುಸ್ತಕದ ತೆರೆದ ಪುಟವನ್ನು ನೋಡಿ, “ಈ ಗಡಿಗೆ ಈಗ ಉರುಳುತ್ತದೆ” ಎಂದರು. ಯಶೋದೆ ಮೊಸರು ಕಡೆಯುವ ಚಿತ್ರ ಅದು. ಸೀರೆಯ ನೆರಿಗೆ, ಮುಡಿದ ಹೂವು, ಬಳೆ ಎಲ್ಲವೂ ರವಿವರ್ಮನ ಮನೆಯಿಂದ ಎರವಲು ತಂದಷ್ಟು ಚೆಂದವಾಗಿದ್ದವು. “ಕಡಗೋಲನ್ನು ಹಿಡಿದು ನಿಲ್ಲಿಸುವ ಕಂಬ ಎಲ್ಲಿದೆ? ಹಗ್ಗ ಸುತ್ತಿ ಎಳೆದರೆ ಕೋಲು ಮೈಮೇಲೆಯೇ ಬರುತ್ತದೆ. ಎರಡು ಕೈಯನ್ನೂ ಎದೆಯ ಹತ್ತಿರ ಸಮಸಮವಾಗಿ ಇಟ್ಟುಕೊಂಡಿದ್ದಾಳೆ ನೋಡಿ. ಒಂದು ಕೈ ಮುಂದೆ ಹೋದರೆ ಇನ್ನೊಂದು ಹಿಂದೆ ಬರಬೇಕು. ಇದನ್ನು ಬರೆದವರು ಬೆಣ್ಣೆಯನ್ನು ಅಂಗಡಿಯಿಂದ ತಂದವರೇ.” ಅವರ ತವರಿನ ಅಡುಗೆಮನೆಯಲ್ಲಿ ಕಂಬಕ್ಕೆ ಎರಡು ಹಗ್ಗದ ಕುಣಿಕೆಗಳಿದ್ದುದನ್ನು, ಅದರಲ್ಲಿ ಕಡಗೋಲು ಸಿಕ್ಕಿಸಿ ಅಜ್ಜಿ ಬೆಳಗಿನ ಜಾವ ಕಡೆಯುತ್ತಿದ್ದುದನ್ನು, ಆ ಸದ್ದಿಗೆ ತಮಗೆ ಎಚ್ಚರವಾಗುತ್ತಿದ್ದುದನ್ನು, ಮದುವೆಯಾಗಿ ಮೂವತ್ತೆಂಟು ವರ್ಷಗಳ ಮೇಲೆ ನಾನು ಆವೊತ್ತು ಮೊದಲ ಬಾರಿಗೆ ಕೇಳಿದೆ. ಪಾರ್ಕಿನಲ್ಲಿ ಇದನ್ನು ಹೇಳಿದಾಗ ರಾಯರು ಆ ಪುಟವನ್ನು ತರಿಸಿ ನೋಡಿ, ಮುಂದಿನ ಬಾರಿ ಅವರನ್ನೂ ಕರೆದುಕೊಂಡು ಬನ್ನಿ ಎಂದರು. ಅವರು ಬರಲೊಪ್ಪಲಿಲ್ಲ. ಕಲ್ಲುಬೆಂಚು ತಣ್ಣಗಿರುತ್ತದೆಯಂತೆ.

ಮತ್ತೆ ಮಾಸ್ಟರ್ ಪ್ರಶ್ನೆಗೆ ಬರುತ್ತೇನೆ. 1936ರಲ್ಲಿ ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ ಅವರ ಮನಸ್ಸಿನಲ್ಲಿದ್ದ ಬಣ್ಣ ಬೂದು. 1939ರಲ್ಲಿ ಭಾನುವಾರದ ಬಣ್ಣದ ಪುಟಕ್ಕೆ ಬಂದಾಗ ಅದು ನೇರಳೆಯಾಗಿ ಅಚ್ಚಾಯಿತು, ಇಟಲಿಯಲ್ಲಿ ಕೆಂಪಾಯಿತು, ಸ್ವೀಡನ್ ಕಡೆ ನೀಲಿಯಾಯಿತು. ಇದನ್ನು ಕೇಳಿದ ಮಾಸ್ಟರ್‌ಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಒಂದೇ ಕಟ್ಟಿಂಗಿನಲ್ಲಿ ಊರಿಗೊಂದು ಬಣ್ಣ ಹೊಲಿದು ಕೊಡುವುದು ಯೂನಿಫಾರ್ಮಿನ ಆರ್ಡರು ಹಿಡಿದವರಿಗೆ ಮಾಮೂಲು. ಅವರ ಗಮನವಿದ್ದದ್ದು ಪಟ್ಟೆ ಚಡ್ಡಿಯ ಮೇಲೆ. 1961ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಫ್ಯಾಂಟಮ್‌ನನ್ನು ಬರೆದ ಸೈ ಬ್ಯಾರಿ ಅವರ ಪುಟಗಳನ್ನೂ ಅವರಿಗಿಂತ ಹಿಂದಿನ ವಿಲ್ಸನ್ ಮೆಕಾಯ್ ಅವರ ಪುಟಗಳನ್ನೂ ಪಕ್ಕಪಕ್ಕ ಇಟ್ಟು, ಬ್ಯಾರಿಯವರಲ್ಲಿ ಬಟ್ಟೆಯ ಒಳಗೆ ಮೈ ಇದೆ, ಮೆಕಾಯ್ ಅವರಲ್ಲಿ ಮೊದಲು ಬಟ್ಟೆ ಕತ್ತರಿಸಿ ಆಮೇಲೆ ಒಳಗೆ ಹತ್ತಿ ತುಂಬಿದ್ದಾರೆ ಎಂದರು. ಇವೆರಡರ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಓದಿಲ್ಲ. ಪಟ್ಟಣಕ್ಕೆ ಬಂದಾಗ ಕೋಟಿನೊಳಗೂ ಅವನು ಅದೇ ಉಡುಪನ್ನು ತೊಟ್ಟಿರುತ್ತಾನೆ ಎಂದು ನೆನಪಿಸಿದಾಗ ಮಾತ್ರ ಮಾಸ್ಟರ್ ಮುಖ ಕಿವಿಚಿ, ಬೆವರುಸಾಲೆ ಏಳದೆ ಇರುತ್ತದೆಯೇ ಎಂದು ಮರುಗಿದರು.

ಆ ಸಂಚಿಕೆ ರಾಯರದು. ಎರಡು ಪಿನ್ನುಗಳೂ ತುಕ್ಕು ಹಿಡಿದು ನಡುವಿನ ಹಾಳೆ ಕೈಗೆ ಬರುತ್ತಿತ್ತು. ಮಾಸ್ಟರ್ ಅದನ್ನು ಓದಲೆಂದು ಒಂದು ತಿಂಗಳ ಮಟ್ಟಿಗೆ ಕೇಳಿ ಪಡೆದರು. ಹಳೆಯ ಕಾಮಿಕ್ಸಿನ ಸಂಗ್ರಾಹಕರಿಗೆ ಮೂಲದ ಪಿನ್ನು ಎಂದರೆ ತಾಳಿಯಿದ್ದಂತೆ, ತುಕ್ಕು ಹಿಡಿದರೂ ತೆಗೆಯುವಂತಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಭಾನುವಾರ ಪುಸ್ತಕ ಮರಳಿ ಬಂದಾಗ ಪಿನ್ನುಗಳು ಇರಲಿಲ್ಲ. ಬೆನ್ನಿನ ಉದ್ದಕ್ಕೂ, ಮೇಲಿನಿಂದ ಕೆಳಗಿನವರೆಗೆ, ಮಿಷನ್ನಿನಲ್ಲಿ ಹಾಕಿದ ಹೊಲಿಗೆ ಇತ್ತು. ದಾರದ ಬಣ್ಣ ನೇರಳೆ, ಫ್ಯಾಂಟಮ್‌ನ ಅಂಗಿಗೆ ಒಪ್ಪುವಂತೆ ಆರಿಸಿದ್ದು. ರಾಯರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನಾದರು. ನಾನು ತೊಗರಿಬೇಳೆಯ ವಿಷಯ ತೆಗೆಯಲು ನೋಡಿದೆ, ಯಾರೂ ಎತ್ತಿಕೊಳ್ಳಲಿಲ್ಲ. ಪ್ರೆಸ್ಸಿನವರು ಭೂತಗನ್ನಡಿ ಬಿಡಿಸಿ, ಬೆನ್ನಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿಸಿ, “ರಿಜಿಸ್ಟರ್ ಸರಿಯಾಗಿದೆ” ಎಂದರು.

ರಾಯರು ಪುಟಗಳನ್ನು ಒಂದು ಸಲ ತೆರೆದು ಮುಚ್ಚಿದರು. ನಡುವಿನ ಹಾಳೆ ಅಲುಗಲಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಬಾಯಿ ಮಡಚಿ, ಟೇಪು ಅಂಟಿಸಿ, ಚೀಲದೊಳಗಿಟ್ಟ ಮೇಲೆ ಅವರು ಮಾಸ್ಟರ್ ಕಡೆ ತಿರುಗಿ, “ಇಂಥವು ಇನ್ನೂ ಹದಿನೇಳು ಇವೆ, ಮಾಸ್ಟರ್. ಅವಕ್ಕೆ ಬಿಳಿ ದಾರ ಹಾಕಿಕೊಡುತ್ತೀರಾ?” ಎಂದು ಕೇಳಿದರು.