ಹೆಸರಲ್ಲೇ ಫ್ರಿಜ್ ಇದೆ ಕಣ್ರೀ

ನಿನ್ನೆ ಗೆಳತಿ ಮನೆಗೆ ಹೋಗಿದ್ದೆ. ಅಡುಗೆಮನೆ ಕಿಟಕಿ ಹತ್ರ ಸಾಲಾಗಿ ಐದು ಗಾಜಿನ ಬಾಟ್ಲಿ, ವಿನೆಗರ್ ನೀರಲ್ಲಿ ಮುಳುಗಿಸಿದ ದಿಢೀರ್ ಉಪ್ಪಿನಕಾಯಿ, ಒಂದ್ರಲ್ಲಿ ಸೌತೆಕಾಯಿ, ಒಂದ್ರಲ್ಲಿ ಕ್ಯಾರೆಟ್, ಮಿಕ್ಕಿದ್ರಲ್ಲಿ ಈರುಳ್ಳಿ, ಮೇಲೆ ಬಿಸಿಲು ಬಿದ್ದು ಫಳಫಳ ಅಂತಿತ್ತು. ಫೋಟೋ ತೆಗೆಯೋಕೆ ಇಟ್ಟಿರ್ಬೇಕು ಅಂದ್ಕೊಂಡೆ. ಅಲ್ವಂತೆ, ಒಂದು ವಾರದಿಂದ ಅಲ್ಲೇ ಇದಾವಂತೆ! "ಫ್ರಿಜ್ಜಲ್ಲಿ ಜಾಗ ಇಲ್ಲ ಕಣೇ, ಉಪ್ಪಿನಕಾಯಿ ತಾನೇ, ಹೊರಗಿದ್ರೆ ಏನಾಗುತ್ತೆ?" ಅದೂ ಸಾಲ್ದು ಅಂತ ಯಾವುದೋ ರೀಲ್ ನೋಡ್ಕೊಂಡು ವಿನೆಗರ್ ಬೇರೆ ಅರ್ಧಕ್ಕರ್ಧ ಕಮ್ಮಿ ಮಾಡಿದಾಳೆ. ಹುಳಿ ಜಾಸ್ತಿ ಆಗುತ್ತಂತೆ, ಪಾಪ.

ನನ್ನ ಬಾಯಿ ನಿಮ್ಗೆ ಗೊತ್ತೇ ಇದೆ. ಹತ್ತು ನಿಮಿಷ ಲೆಕ್ಚರ್ ಕೊಟ್ಟೆ, ಮುಖ ಊದಿಸ್ಕೊಂಡ್ಳು. ಅಲ್ಲಿ ಹೇಳಿ ಉಳಿದಿದ್ದನ್ನ ಇಲ್ಲಿ ಕಕ್ತಿದೀನಿ.

ಅಲ್ಲಾ, ಇದರ ಹೆಸರೇ ರೆಫ್ರಿಜರೇಟರ್ ಪಿಕಲ್! ಇನ್ನೆಷ್ಟು ಬಿಡಿಸಿ ಹೇಳ್ಬೇಕು? ಇದನ್ನ ಕಾಯೋಕೆ ಇರೋದು ಇಬ್ರೇ, ಒಂದು ನಾವು ಸುರಿದ ಹುಳಿ, ಇನ್ನೊಂದು ತಣ್ಣಗಿರೋ ಫ್ರಿಜ್, ಅದೂ 4 ಡಿಗ್ರಿ ಆಸುಪಾಸು. ಇವಳು ಒಬ್ಬನ್ನ ಕೆಲಸದಿಂದ ತೆಗೆದು, ಇನ್ನೊಬ್ಬನಿಗೆ ಅರ್ಧ ಸಂಬಳ ಕೊಟ್ಟು, ಕಳ್ಳ ಬರಲ್ಲ ಬಿಡು ಅಂತ ನಿದ್ದೆ ಮಾಡ್ತಿದಾಳೆ.

"ಹಿಂದಿನ ಕಾಲದವರ ಹತ್ರ ಫ್ರಿಜ್ ಎಲ್ಲಿತ್ತು?" ಅಂತ ಕೇಳೇ ಕೇಳ್ತೀರಾ. ಇರ್ಲಿಲ್ಲ ಸ್ವಾಮಿ, ಅದಕ್ಕೇ ಅವ್ರು ಧಾರಾಳವಾಗಿ ಉಪ್ಪು ಸುರೀತಿದ್ರು. ಉಪ್ಪಿನಕಾಯಿ ಅನ್ನೋ ಮಾತಲ್ಲೇ ಉಪ್ಪು ಮೊದಲು ಕೂತಿದೆ ನೋಡಿ. ಬರೀ ಉಪ್ಪುನೀರಲ್ಲಿ ವಾರಗಟ್ಲೆ ಹುದುಗೋದಕ್ಕೆ ಬಿಟ್ರೆ ಅದರೊಳಗಿನ ಬ್ಯಾಕ್ಟೀರಿಯಾನೇ ಹುಳಿ ಮಾಡ್ಕೊಳ್ಳುತ್ತೆ, ಅದು ಬೇರೆ ವಿದ್ಯೆ. ಇದು ಅರ್ಧ ಗಂಟೆ ಕೆಲ್ಸ, ಇಲ್ಲಿ ಏನೂ ಹುದುಗಿಲ್ಲ, ನೀವು ಎಷ್ಟು ಹುಳಿ ಹಾಕಿದ್ರೋ ಅಷ್ಟೇ ಹುಳಿ. ಪಿಎಚ್ (ಹುಳಿ ಅಳೆಯೋ ಲೆಕ್ಕ, ಹುಳಿ ಕಮ್ಮಿ ಆದಷ್ಟೂ ಇದು ಏರುತ್ತೆ) 4.6ಕ್ಕಿಂತ ಮೇಲೆ ಹೋದ್ರೆ ಬಾಟುಲಿಸಂ ಅನ್ನೋ, ಜೀವಕ್ಕೇ ಕುತ್ತಾಗಬಲ್ಲ ಕಾಯಿಲೆ ತರೋ ಬ್ಯಾಕ್ಟೀರಿಯಾ ಬೆಳೆಯೋಕೆ ದಾರಿ ಆಗುತ್ತೆ, ಅದರ ವಿಷ ವಾಸನೆಯಿಂದಾನೂ ಗೊತ್ತಾಗಲ್ಲ ರುಚಿಯಿಂದಾನೂ ಗೊತ್ತಾಗಲ್ಲ. ಹುಳಿ ಇಷ್ಟ ಇಲ್ವಾ, ಸಕ್ಕರೆ ಹಾಕಿ. ವಿನೆಗರ್ ಮುಟ್ಬೇಡಿ!

ನಾನೇನು ದೊಡ್ಡ ಪಂಡಿತೆ ಅಲ್ಲ, ಅದನ್ನೂ ಹೇಳ್ಬಿಡ್ತೀನಿ. ಮೊದಲ ಸಲ ಮಾಡಿದಾಗ ಮೂರನೇ ದಿನಕ್ಕೆ ಬೆಳ್ಳುಳ್ಳಿ ನೀಲಿ ಆಗಿತ್ತು. ವಿಷ ವಿಷ ಅಂತ ಕೂಗಾಡಿ ಇಡೀ ಬಾಟ್ಲಿ ಚೆಲ್ಲಿ, ಬೆಳ್ಳುಳ್ಳಿ ತಂದಿದ್ದಕ್ಕೆ ಗಂಡಂಗೂ ಬೈದಿದ್ದೆ. ಆಮೇಲೆ ತಿಳೀತು, ಬೆಳ್ಳುಳ್ಳಿಲಿರೋ ಗಂಧಕದ ಅಂಶ ಹುಳಿಗೆ ಸೇರಿ ಬರೋ ಬಣ್ಣ ಅದು, ತಿನ್ನೋಕೆ ಏನೂ ತೊಂದ್ರೆ ಇಲ್ಲ. ಗಂಡಂಗೆ ಇನ್ನೂ ಸಾರಿ ಕೇಳಿಲ್ಲ.

ಮಾಡೋದು ಇಷ್ಟೇ ಕಣ್ರೀ. ಲೇಬಲ್ ಮೇಲೆ 5% ಅಂತ ಇರೋ ವಿನೆಗರ್ ಒಂದು ಕಪ್, ನೀರು ಒಂದು ಕಪ್, ಉಪ್ಪು ಒಂದು ದೊಡ್ಡ ಚಮಚ, ಕುದಿಸಿ, ತೊಳೆದ ಬಾಟ್ಲಿಲಿ ತರಕಾರಿ ತುಂಬಿ ಮುಳುಗೋ ಹಾಗೆ ಸುರೀರಿ, ಆರಿದ್ಮೇಲೆ ಮುಚ್ಚಳ ಹಾಕಿ ಸೀದಾ ಫ್ರಿಜ್ಜಿಗೆ. ಸೌತೆಕಾಯಿ ಹೂವಿನ ಕಡೆ ತುದಿ ಮಾತ್ರ ಕತ್ತರಿಸಿ ಬಿಸಾಕಿ, ಮೆತ್ತಗೆ ಮಾಡೋ ಕಿಣ್ವ ಇರೋದು ಅಲ್ಲೇ. ಕೆಂಪು ಈರುಳ್ಳಿ ಅರ್ಧ ಗಂಟೇಲಿ ಗುಲಾಬಿ ಆಗಿ ತಿನ್ನೋಕೆ ರೆಡಿ, ಸೌತೆಗೆ ಒಂದು ದಿನ ಕೊಡಿ. ಮೂರ್ನಾಲ್ಕು ವಾರದೊಳಗೆ ಖಾಲಿ ಮಾಡಿ. ನಮ್ಮನೇಲಿ ನಾಲ್ಕು ದಿನ ಬಾಳಿದ್ರೆ ಹೆಚ್ಚು.

ಇದನ್ನ ಟೈಪ್ ಮಾಡ್ತಿರೋವಾಗ್ಲೇ ಅವಳ ಮೆಸೇಜ್ ಬಂತು. "ಐದೂ ಬಾಟ್ಲಿ ಫ್ರಿಜ್ಜಿಗೆ ಇಟ್ಟಿದೀನಿ, ಈಗ ಸಮಾಧಾನಾನಾ?" ಒಂದು ವಾರ ಬಿಸಿಲಲ್ಲಿ ಇದ್ದಿದ್ದನ್ನ!! ಫೋನ್ ಮಾಡ್ತಾನೇ ಇದೀನಿ, ಎತ್ತುತ್ತಾ ಇಲ್ಲ.